ನೋವಿಲ್ಲದ ಕಾಲಿನ ಹಿಮ್ಮಡಿ

ನರ್ಸಿಂಗ್ ಕಾಲೇಜಿನ ಲ್ಯಾಬಿಗೆ ಹೊಸದಾಗಿ ಸಹಾಯಕಿಯರಾಗಿ ಸೇರುವ ಹೆಣ್ಣುಮಕ್ಕಳಿಗೆ ಮೊದಲ ದಿನವೇ ಒಂದು ಕೀಲಿ ಗೊಂಚಲು ಕೊಡುತ್ತಾರೆ. ಯಾವ ಕೀಲಿ ಯಾವ ಬೀರುವಿನದು ಎಂಬುದು ಒಂದು ವಾರದಲ್ಲಿ ಬಂದುಬಿಡುತ್ತದೆ. ಅದನ್ನು ನಾನು ಹೇಳಿಕೊಡಬೇಕಾಗಿಲ್ಲ. ಬನಶಂಕರಿಯ ಒಂದು ಕಾಲೇಜಿನಲ್ಲಿ ಇಪ್ಪತ್ತೇಳು ವರ್ಷ ಆ ಕೆಲಸ ಮಾಡಿ ಹೋದ ವರ್ಷ ನಿವೃತ್ತಳಾದೆ. ಅಲ್ಲಿ ಪಾಠ ಮಾಡುವ ಶ್ವೇತಾ ಮೇಡಂ, ‘ಗಂಗಾ ಆಂಟಿ, ಹೊಸಬರಿಗೆ ನಿಮ್ಮ ಅನುಭವ ಬರೆದುಕೊಡಿ, ಒಂದು ದಿನ ಬಂದು ಮಕ್ಕಳ ಹತ್ತಿರ ಮಾತಾಡಿ’ ಎಂದು ಫೋನ್ ಮಾಡಿದ್ದರು. ಒಪ್ಪಿಕೊಂಡ ದಿನದಿಂದ ನನಗೆ ಸರಿಯಾಗಿ ಊಟ ಸೇರಿಲ್ಲ. ಏನು ಬರೆಯಬೇಕು ಎಂಬುದು ಗೊತ್ತಿದ್ದರಿಂದಲೇ ಸೇರಿಲ್ಲ. ನಾನು ಓದಿದ್ದು ಏಳನೇ ಕ್ಲಾಸು. ವಾಕ್ಯ ಅಲ್ಲಲ್ಲಿ ತಡವರಿಸಿದರೆ ಓದುವವರು ಸಹಿಸಿಕೊಳ್ಳಬೇಕು.

ನಾನು ಸೇರಿದಾಗ ಲ್ಯಾಬಿನಲ್ಲಿ ಇದ್ದದ್ದು ಒಂದೇ ಗೊಂಬೆ. ಆಳುದ್ದದ್ದು, ಮಂಚದ ಮೇಲೆ ಮಲಗಿರುತ್ತಿತ್ತು. ಗುಲಾಬಿ ಮೈ, ನೀಲಿ ಕಣ್ಣು. ಆಯಾಗಳೆಲ್ಲ ಅದನ್ನು ‘ದೊರೆಸಾನಿ’ ಎನ್ನುತ್ತಿದ್ದರು. ಹುಡುಗಿಯರು ದೊರೆಸಾನಿಗೆ ಸ್ನಾನ ಮಾಡಿಸಿ, ಬೆನ್ನು ತಿಕ್ಕಿ, ಮೂಗಿಗೆ ನಳಿಗೆ ಹಾಕಿ ಕಲಿಯುತ್ತಿದ್ದರು. ಇಂಜೆಕ್ಷನ್ ಕಲಿಯಲು ಕಿತ್ತಳೆ ಹಣ್ಣು. ಚುಚ್ಚಿದ ಹಣ್ಣನ್ನು ತಿನ್ನಬಾರದು ಎಂದು ದಿನಾ ಹೇಳಬೇಕಾಗುತ್ತಿತ್ತು. ಆದರೂ ಸಿಪ್ಪೆ ಮಾತ್ರ ಕಸದ ಬುಟ್ಟಿಯಲ್ಲಿ ಸಿಗುತ್ತಿತ್ತು. ಎರಡನೇ ತಿಂಗಳಲ್ಲಿ ನಾನು ದೊರೆಸಾನಿಯ ಮುಖವನ್ನು ಬ್ಲೀಚಿಂಗ್ ಪುಡಿ ಕಲೆಸಿದ ನೀರಿನಲ್ಲಿ ಉಜ್ಜಿದೆ. ಹುಬ್ಬು ಪೂರ್ತಿ ಅಳಿಸಿಹೋಯಿತು. ಅಂದು ಮಧ್ಯಾಹ್ನ ಪರೀಕ್ಷೆ. ಯಾರೋ ಒಬ್ಬಳು ಕಾಡಿಗೆ ತಂದು ಹುಬ್ಬು ಬಿಡಿಸಿದಳು. ಒಂದು ಹುಬ್ಬು ಮೇಲಕ್ಕೆ ಹೋಗಿ, ದೊರೆಸಾನಿ ಎಲ್ಲರನ್ನೂ ಅನುಮಾನದಿಂದ ನೋಡುವಂತಾಯಿತು.

ಆ ದಿನ ನನ್ನನ್ನು ಕೆಲಸದಿಂದ ತೆಗೆಯುವ ಮಾತು ಬಂತು. ತಡೆದವರು ವಸಂತಾ ಮೇಡಂ. ಅವರೇ ಲ್ಯಾಬಿನ ಹಿರಿಯ ಉಪಾಧ್ಯಾಯಿನಿ. ಬಾಟಲಿಯ ಮೇಲಿನ ಇಂಗ್ಲಿಷ್ ಓದಲು ಬಾರದ್ದರಿಂದ ಹೀಗಾಯಿತು ಎಂದು ತಿಳಿದು, ದಿನಾ ಊಟದ ಬಿಡುವಿನಲ್ಲಿ ಒಂದೊಂದು ಲೇಬಲ್ ಓದಿಸಿದರು. ಸ್ಪಿರಿಟ್, ಸೆಲೈನ್, ಅಯೋಡಿನ್ ಎಲ್ಲ ನನಗೆ ಅವರು ಕೊಟ್ಟ ಅಕ್ಷರಗಳು. ಮುಂದೆ ಹೇಳುವುದನ್ನು ಓದಿ ಅವರನ್ನು ಕೆಟ್ಟವರೆಂದು ಯಾರೂ ತಿಳಿಯಬಾರದು. ಪುಸ್ತಕದಲ್ಲಿ ಇದ್ದದ್ದನ್ನು ಅವರು ಕಣ್ಣಿಗೆ ಒತ್ತಿಕೊಂಡು ಪಾಠ ಮಾಡುತ್ತಿದ್ದರು. ಇಲ್ಲದ್ದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ಲ್ಯಾಬಿನಲ್ಲಿ ಒಂದು ಪದ್ಧತಿ ಇತ್ತು. ಗೊಂಬೆಯ ಮೇಲೆ ತೋರಿಸಲಾಗದ್ದನ್ನು ಹುಡುಗಿಯರ ಮೇಲೆಯೇ ತೋರಿಸುತ್ತಿದ್ದರು. ಒಬ್ಬಳು ರೋಗಿಯಾಗಿ ಮಲಗಬೇಕು, ಒಬ್ಬಳು ನರ್ಸ್, ಒಬ್ಬಳು ಬೇಸಿನ್ ಹಿಡಿದು ನಿಲ್ಲಬೇಕು. ಚರ್ಮ ಒತ್ತಿದಾಗ ಬಿಳಿಚಿ ಮತ್ತೆ ಕೆಂಪಾಗುವುದು, ನರ ಹುಡುಕುವುದು, ಉಗುರಿನ ಬಣ್ಣ ನೋಡುವುದು, ಇವಕ್ಕೆಲ್ಲ ಬಿಳಿ ಹುಡುಗಿಯರನ್ನೇ ಮಲಗಿಸುತ್ತಿದ್ದರು. ಕಪ್ಪಗಿರುವವರು ಬೇಸಿನ್. ‘ಇವಳ ಮೇಲೆ ಏನೂ ಕಾಣಲ್ಲ ಕಣ್ರೇ’ ಎಂದು ಮೇಡಂ ಹೇಳಿದರೆ ತರಗತಿ ನಗುತ್ತಿತ್ತು, ಆ ಹುಡುಗಿಯೂ ನಗಬೇಕಾಗುತ್ತಿತ್ತು. ಮೇಡಂ ಬರುವಷ್ಟರಲ್ಲಿ ಯಾರು ಎಲ್ಲಿ ಎಂದು ನಿಲ್ಲಿಸುತ್ತಿದ್ದವಳು ನಾನು. ಯಾರೂ ಹೇಳುವ ಮೊದಲೇ ನನ್ನ ಕೈ ‘ನೀನು ಮಲಗು, ನೀನು ಬೇಸಿನ್’ ಎಂದು ತೋರಿಸುತ್ತಿತ್ತು. ನನ್ನದೇ ಬಣ್ಣದ ಹುಡುಗಿಯರನ್ನು ನಾನೇ ಗೋಡೆಯ ಪಕ್ಕಕ್ಕೆ ಕಳಿಸುತ್ತಿದ್ದೆ.

ಮಣಿಪುರದಿಂದ ಬಂದ ಲಿಂತೋಯಿ ಎಂಬ ಹುಡುಗಿ ಒಬ್ಬಳಿದ್ದಳು. ಅವಳ ಚರ್ಮದ ಮೇಲೆ ಬೆರಳಿಟ್ಟರೆ ಸಾಕು, ಗುರುತು ಮೂಡುತ್ತಿತ್ತು. ಹಾಗಾಗಿ ವರ್ಷವಿಡೀ ಅವಳನ್ನೇ ಮಲಗಿಸಿದೆವು. ವಾರ್ಡಿನಲ್ಲಿ ಒಬ್ಬ ಅಜ್ಜ ‘ಆ ಚೈನಾದವಳ ಕೈಯಿಂದ ಮಾತ್ರೆ ಬೇಡ’ ಎಂದಾಗ, ಅಜ್ಜನಿಗೆ ಯಾರೂ ಬುದ್ಧಿ ಹೇಳಲಿಲ್ಲ, ಅವಳನ್ನೇ ಬೇರೆ ವಾರ್ಡಿಗೆ ಹಾಕಿದರು. ಒಂದು ದಿನ ಮಂಚದಿಂದ ಎದ್ದು ತಲೆ ಬಾಚಿಕೊಳ್ಳುತ್ತಾ, ಹೊಸದಾಗಿ ಕಲಿತ ಕನ್ನಡದಲ್ಲಿ ಕೇಳಿದಳು: ‘ಆಂಟಿ, ನಾನು ಸ್ಟೂಡೆಂಟಾ, ಗೊಂಬೆನಾ?’ ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ವರ್ಷದ ಕೊನೆಗೆ ಪ್ರಾಯೋಗಿಕ ಪರೀಕ್ಷೆಯಲ್ಲಿ ಅವಳಿಗೆ ನರ ಹುಡುಕಲು ಬರಲಿಲ್ಲ. ನರ್ಸಿನ ಜಾಗದಲ್ಲಿ ಅವಳು ನಿಂತದ್ದೇ ಕಡಿಮೆ.

ಇನ್ನು ನನ್ನ ವಿಷಯ. ನಾವು ದಲಿತರು. ಸಾರಕ್ಕಿಯ ಕಡೆಯ ಹಳೇ ಊರಿನವರು. ಊರು ಲೇಔಟುಗಳ ನಡುವೆ ಸಿಕ್ಕಿಕೊಂಡಿತು, ನಮ್ಮ ಕಾಲೊನಿ ಮಾತ್ರ ಕಾಲೊನಿಯಾಗಿಯೇ ಉಳಿಯಿತು. ಇದನ್ನು ನಾನು ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ. ಲ್ಯಾಬಿನ ಕೆಲಸದ ಜೊತೆ ಉಪಾಧ್ಯಾಯಿನಿಯರಿಗೆ ಕಾಫಿ ಮಾಡಿಕೊಡುವ ಕೆಲಸವೂ ನನ್ನದು. ನನಗಿಂತ ಮೊದಲು ಕಾಫಿ ಮಾಡುತ್ತಿದ್ದ ಆಯಾ ಯಾವ ಕೇರಿಯವಳು ಎಂದು ಗೊತ್ತಾದ ಮರುವಾರವೇ ಅವಳನ್ನು ಕಕ್ಕಸು ತೊಳೆಯಲು ಹಾಕಿದ್ದರು. ಯಾರೂ ಕಾರಣ ಹೇಳಿರಲಿಲ್ಲ. ‘ಡ್ಯೂಟಿ ಬದಲಾಯಿತು’ ಎಂದಷ್ಟೇ. ನನ್ನನ್ನು ಕೇಳಿದಾಗ ಗಂಡನ ಊರು ಕನಕಪುರದ ಕಡೆ ಎಂದು ಹೇಳಿ ಮಾತು ತಿರುಗಿಸಿದೆ. ಅವರು ತಮಗೆ ಬೇಕಾದ್ದನ್ನು ಅಂದುಕೊಂಡರು, ನಾನು ಹಾಗೇ ಬಿಟ್ಟೆ.

ಆಮೇಲೆ ನನ್ನ ತಂಗಿ ಮಂಜುಳನಿಗೆ ಅದೇ ಕಾಲೇಜಿನಲ್ಲಿ ಸೀಟು ಸಿಕ್ಕಿತು. ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ಅವ್ವ ಹೋದ ಮೇಲೆ ನಾನೇ ಎತ್ತಿ ಆಡಿಸಿದವಳು. ನಮ್ಮ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದ ಮೊದಲ ಹೆಣ್ಣು. ಪ್ರವೇಶದ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಿದ್ದರು. ಪ್ರತಿ ಹೆಸರಿನ ಮುಂದೆ ಯಾವ ವರ್ಗದ ಸೀಟು ಎಂದು ಬರೆದಿತ್ತು. ಅದನ್ನು ಅಂಟಿಸಿದವಳೂ ನಾನೇ. ಅಂದು ಸಂಜೆ ಮನೆಗೆ ಹೋಗಿ ಅವಳನ್ನು ಕೂರಿಸಿಕೊಂಡು, ಕಾಲೇಜಿನಲ್ಲಿ ನನ್ನನ್ನು ಅಕ್ಕ ಎನ್ನಬೇಡ, ಎಲ್ಲರ ಹಾಗೆ ಆಂಟಿ ಎನ್ನು ಎಂದೆ. ‘ಸರಿ ಆಂಟಿ’ ಎಂದಳು. ತಮಾಷೆಗೆ ಹೇಳಿದಳೋ ಬೇಸರಕ್ಕೋ ನನಗೆ ತಿಳಿಯಲಿಲ್ಲ, ತಿಳಿದುಕೊಳ್ಳಲು ಹೋಗಲೂ ಇಲ್ಲ. ಲ್ಯಾಬಿನಲ್ಲಿ ಅವಳಿಗೂ ಬೇಸಿನ್ನೇ ತೋರಿಸಿದೆ.

ಎರಡನೇ ವರ್ಷ ಅವಳ ತಂಡವನ್ನು ಆಸ್ಪತ್ರೆಯ ಮೂಳೆ ವಾರ್ಡಿಗೆ ಹಾಕಿದರು. ಸ್ಪಿರಿಟ್, ಪೌಡರ್, ಬಟ್ಟೆ ಇಟ್ಟ ಟ್ರೇ ಹೊತ್ತು ನಾನೂ ಹೋಗುತ್ತಿದ್ದೆ. ಮಲಗಿದಲ್ಲೇ ಇರುವ ರೋಗಿಗಳಿಗೆ ಬೆನ್ನು ಹುಣ್ಣಾಗದಂತೆ ಆಗ ಸ್ಪಿರಿಟ್ ಹಚ್ಚಿ ತಿಕ್ಕುತ್ತಿದ್ದರು. ಈಗ ತಿಕ್ಕಬಾರದು ಎನ್ನುತ್ತಾರೆ. ಮಂಜುಳನಿಗೆ ಕೊಟ್ಟ ರೋಗಿ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಾಡುತ್ತಿದ್ದ ಹೆಂಗಸು. ಬಸ್ಸಿಳಿಯುವಾಗ ಬಿದ್ದು ಬಲತೊಡೆ ಮುರಿದಿತ್ತು. ಕಾಲಿಗೆ ತೂಕ ಕಟ್ಟಿ ಎಳೆದು ಇಟ್ಟಿದ್ದರು. ನಮಗಿಂತಲೂ ಕಪ್ಪು. ಎಲ್ಲರೂ ಬಂದು ಮುರಿದ ಕಾಲನ್ನು ನೋಡಿ ಹೋಗುತ್ತಿದ್ದರು. ಹೀಗೆ ಮಲಗಿದವರು ಸ್ವಲ್ಪ ಮೇಲಕ್ಕೆ ಸರಿಯಬೇಕಾದಾಗಲೆಲ್ಲ ನೋವಿಲ್ಲದ ಕಾಲಿನ ಹಿಮ್ಮಡಿಯನ್ನು ಹಾಸಿಗೆಗೆ ಒತ್ತಿ ಮೈ ಎತ್ತಿಕೊಳ್ಳುತ್ತಾರೆ. ಅಲ್ಲಿ ಹುಣ್ಣು ಶುರುವಾಗುತ್ತದೆ. ಅದನ್ನು ಕಂಡವಳು ಮಂಜುಳ. ಕಂಡವಳು ಎನ್ನುವುದು ತಪ್ಪು, ಮುಟ್ಟಿ ತಿಳಿದವಳು.

ಅಂದು ಬೆಳಿಗ್ಗೆ ಅವಳು ನನ್ನನ್ನು ಕಣ್ಣಲ್ಲೇ ಕರೆದಳು. ಹತ್ತಿರ ಯಾರೂ ಇರಲಿಲ್ಲ.

‘ಅಕ್ಕ, ಇಲ್ಲಿ ಮುಟ್ಟು. ಕೈ ಹಿಂಬದಿಯಿಂದ ಮುಟ್ಟು. ಈಗ ಆ ಕಡೆ ಹಿಮ್ಮಡಿ ಮುಟ್ಟು.’

ಮುಟ್ಟಿದೆ. ಎಡ ಹಿಮ್ಮಡಿ ಬಿಸಿಯಾಗಿತ್ತು, ಒಳಗೆ ಗಟ್ಟಿಯಾಗಿತ್ತು. ಬಲದ್ದು ತಣ್ಣಗಿತ್ತು. ಆ ಹೆಂಗಸು ‘ಉರಿತದೆ ಕಣವ್ವ’ ಎಂದಳು.

ಮಂಜುಳ ರೆಕಾರ್ಡ್ ಪುಸ್ತಕದಲ್ಲಿ ಅದನ್ನೇ ಬರೆದಳು. ವಸಂತಾ ಮೇಡಂ ಬಂದು ಹಿಮ್ಮಡಿಯನ್ನು ಬೆಳಕಿಗೆ ತಿರುಗಿಸಿ ನೋಡಿದರು.

‘ಕೆಂಪು ಎಲ್ಲಿದೆ ತೋರಿಸು.’

‘ಕೆಂಪು ಕಾಣ್ತಿಲ್ಲ ಮೇಡಂ. ಬಿಸಿ ಇದೆ.’

‘ಪುಸ್ತಕದಲ್ಲಿ ಮೊದಲ ಲಕ್ಷಣ ಏನಂತ ಇದೆ?’

‘ಕೆಂಪಾಗುತ್ತೆ ಅಂತ.’

‘ಮತ್ತೆ? ನಿನ್ನ ಪುಸ್ತಕ ಬೇರೆನಾ?’

ಅವಳು ಬರೆದದ್ದಕ್ಕೆ ಅಡ್ಡಗೆರೆ ಎಳೆದು, ಮತ್ತೊಂದು ಹಾಳೆಯಲ್ಲಿ ಚರ್ಮ ಚೆನ್ನಾಗಿದೆ ಎಂದು ಬರೆಸಿದರು. ಹಳೇ ಹಾಳೆಯನ್ನು ತೆಗೆದುಬಿಟ್ಟರು. ನಾನು ಎರಡು ಮಾರು ದೂರದಲ್ಲಿ ಟ್ರೇ ಹಿಡಿದು ನಿಂತಿದ್ದೆ. ನಾನೂ ಮುಟ್ಟಿದೆ ಎಂದು ಒಂದು ಮಾತು ಬಾಯಿಗೆ ಬಂತು. ಆಯಾನ್ನ ಕೇಳಿದವರು ಯಾರು ಎನ್ನುತ್ತಾರೆ ಎಂದು ನುಂಗಿಕೊಂಡೆ.

ನಾಲ್ಕನೇ ದಿನ ಹಿಮ್ಮಡಿ ಒಡೆಯಿತು. ಒಳಗೆ ಆಗಲೇ ಕಪ್ಪಾಗಿ ಕೊಳೆತಿತ್ತು. ಡಾಕ್ಟರು ಕೂಗಾಡಿದರು. ಪುಸ್ತಕ ತೆಗೆದು ನೋಡಿದರೆ ಚರ್ಮ ಚೆನ್ನಾಗಿದೆ ಎಂದು ಮಂಜುಳನ ಕೈಬರಹದಲ್ಲಿದೆ. ಆರೈಕೆ ಮಾಡದೆ ಸುಳ್ಳು ಬರೆದಿದ್ದಾಳೆ ಎಂದಾಯಿತು. ಅವಳು ನಡೆದದ್ದನ್ನು ನಡೆದ ಹಾಗೆ ಹೇಳಿ, ‘ಲ್ಯಾಬ್ ಆಂಟಿನೂ ಮುಟ್ಟಿ ನೋಡಿದಾರೆ, ಅವರನ್ನೇ ಕೇಳಿ’ ಎಂದಳಂತೆ. ಅಕ್ಕ ಎನ್ನಲಿಲ್ಲ. ಆ ಸ್ಥಿತಿಯಲ್ಲೂ ನನ್ನ ಮಾತು ಉಳಿಸಿದಳು.

ಪ್ರಿನ್ಸಿಪಾಲರ ಕೋಣೆಗೆ ನನ್ನನ್ನು ಕರೆದರು. ವಸಂತಾ ಮೇಡಂ ಕಿಟಕಿಯ ಪಕ್ಕ ಕೂತಿದ್ದರು. ಮಂಜುಳ ನಿಂತಿದ್ದಳು. ನನ್ನ ಕೆಲಸವನ್ನು ಕಾಯಂ ಮಾಡುವ ಕಾಗದ ಅದೇ ತಿಂಗಳು ಅದೇ ಮೇಜಿನ ಮೇಲೆ ಇತ್ತು. ತಂಗಿಯ ಪರ ಮಾತಾಡಿದರೆ ಯಾಕೆ ಇಷ್ಟು ಕಾಳಜಿ ಎಂದು ಕೇಳುತ್ತಾರೆ, ಅಲ್ಲಿಂದ ಸಂಬಂಧ, ಸಂಬಂಧದಿಂದ ಕೇರಿ, ಕೇರಿಯಿಂದ ಕಕ್ಕಸು. ಕಾರಿಡಾರಿನಲ್ಲಿ ನಡೆಯುವಾಗಲೇ ಈ ಲೆಕ್ಕವೆಲ್ಲ ನನ್ನ ತಲೆಯಲ್ಲಿ ಮುಗಿದಿತ್ತು.

‘ಗಂಗಮ್ಮ, ನೀನು ಆ ಪೇಷಂಟ್ ಕಾಲು ಮುಟ್ಟಿದ್ಯಾ?’ ಪ್ರಿನ್ಸಿಪಾಲರು ಕೇಳಿದರು.

‘ಇಲ್ಲ ಮೇಡಂ. ನಾನು ಟ್ರೇ ಹತ್ರ ಇದ್ದೆ.’

ಇಷ್ಟೇ ನಾನು ಹೇಳಿದ್ದು. ಮಂಜುಳ ನನ್ನ ಕಡೆ ತಿರುಗಲೂ ಇಲ್ಲ. ನಿರ್ಲಕ್ಷ್ಯ ಎಂದು ಬರೆದು ಅವಳಿಗೆ ಕಾಗದ ಕೊಟ್ಟರು, ವರ್ಷವನ್ನು ಮತ್ತೆ ಓದಬೇಕು ಎಂದರು. ಅವಳು ಒಂದು ವಾರ ಬಂದಳು. ಹುಡುಗಿಯರು ‘ಬಿಸಿ ಸಿಸ್ಟರ್’ ಎಂದು ಆಡಿಕೊಂಡರು. ಆಮೇಲೆ ಬರಲಿಲ್ಲ. ನನ್ನ ಕೆಲಸ ಕಾಯಂ ಆಯಿತು.

ಮುಂದೆ ಲ್ಯಾಬು ಬದಲಾಗುತ್ತಾ ಹೋಯಿತು. ಗಾಜಿನ ಸಿರಿಂಜು ಹೋಯಿತು, ಕಿತ್ತಳೆ ಹೋಗಿ ರಬ್ಬರಿನ ತೋಳು ಬಂತು. ವಸಂತಾ ಮೇಡಂ ನಿವೃತ್ತರಾದರು. ಶ್ವೇತಾ ಮೇಡಂ ಬಂದ ಮೇಲೆ ಮೂವರ ಪದ್ಧತಿಯನ್ನು ಸರದಿಗೆ ತಂದರು. ಎಲ್ಲರೂ ಮಲಗಬೇಕು, ಎಲ್ಲರೂ ಬೇಸಿನ್ ಹಿಡಿಯಬೇಕು. ನಾನು ಬಿಡುವ ವರ್ಷ ಕಂದು ಮೈಯ ಗೊಂಬೆ ಬಂತು. ಕಪ್ಪು ಚರ್ಮದಲ್ಲಿ ಕಾಮಾಲೆ, ರಕ್ತ ಕಡಿಮೆಯಾದದ್ದು, ಹಾಸಿಗೆ ಹುಣ್ಣು ಇವನ್ನೆಲ್ಲ ಹೇಗೆ ತಿಳಿಯಬೇಕು ಎಂದು ಅವರು ಬೇರೆಯಾಗಿಯೇ ಪಾಠ ಮಾಡುತ್ತಾರೆ. ಬಿಸಿ ನೋಡಿ, ಗಟ್ಟಿ ನೋಡಿ, ಇನ್ನೊಂದು ಕಡೆಗೆ ಹೋಲಿಸಿ, ರೋಗಿಯನ್ನು ಕೇಳಿ ಎಂದು ಅವರು ಹೇಳಿಕೊಡುವಾಗ ನಾನು ಹಿಂದೆ ನಿಂತು ಕೇಳಿದ್ದೇನೆ. ಹತ್ತೊಂಬತ್ತು ವರ್ಷದ ಹುಡುಗಿ ಪುಸ್ತಕವಿಲ್ಲದೆ ಹೇಳಿದ್ದ ಮಾತುಗಳೇ ಅವು. ಅಂದೂ ನಾನು ಬಾಯಿ ಬಿಡಲಿಲ್ಲ.

ಮಾತಾಡಲು ಕರೆದ ಮೇಲೆ ಮಂಜುಳನನ್ನು ನೋಡಲು ಹೋದೆ. ಅವಳು ಕುಮಾರಸ್ವಾಮಿ ಲೇಔಟಿನಲ್ಲಿ ಬಾಡಿಗೆ ಮನೆಯಲ್ಲಿದ್ದಾಳೆ. ಹಾಸಿಗೆ ಹಿಡಿದ ಮುದುಕರನ್ನು ಅವರವರ ಮನೆಗೆ ಹೋಗಿ ನೋಡಿಕೊಳ್ಳುವ ಕೆಲಸ. ಜನ ಹೋಂ ನರ್ಸ್ ಎನ್ನುತ್ತಾರೆ. ಅವಳು ಮಾತ್ರ ನಾನು ನರ್ಸಲ್ಲ ಎಂದು ಪ್ರತಿ ಮನೆಯಲ್ಲೂ ಮೊದಲೇ ಹೇಳುತ್ತಾಳೆ. ನಮ್ಮ ನಡುವೆ ಮಾತು ನಿಂತಿರಲಿಲ್ಲ. ಹಬ್ಬಕ್ಕೆ, ಹುಷಾರಿಲ್ಲದಾಗ ಹೋಗಿ ಬರುತ್ತಿದ್ದೆವು. ಆ ಒಂದು ವಿಷಯವನ್ನು ಬಿಟ್ಟು ಎಲ್ಲ ಮಾತಾಡುತ್ತಿದ್ದೆವು. ನಾನು ಹೋದಾಗ ಅವಳು ಜಯನಗರದ ಡ್ಯೂಟಿಗೆ ಹೊರಡಲು ತಲೆ ಬಾಚುತ್ತಿದ್ದಳು.

ಕಾಲೇಜಿನವರು ಕರೆದಿದ್ದಾರೆ, ಅಲ್ಲಿ ನಿನ್ನ ವಿಷಯ ಹೇಳಿಬಿಡುತ್ತೇನೆ, ನಿನ್ನ ಬಾಳು ಹಾಳು ಮಾಡಿದೆ ಎಂದು ಎಲ್ಲರ ಮುಂದೆ ಒಪ್ಪಿಕೊಳ್ಳುತ್ತೇನೆ ಎಂದೆ. ಹೇಳುತ್ತಾ ಅಳು ಬಂತು. ಅವಳು ಬಾಚಣಿಗೆ ಕೆಳಗಿಟ್ಟಳು.

‘ಆ ಯಮ್ಮನ ಹೆಸರೇನು ಹೇಳು.’

‘ಯಾವ ಯಮ್ಮ?’

‘ಹಿಮ್ಮಡಿ ಒಡೀತಲ್ಲ, ಆ ಯಮ್ಮ.’

ನನಗೆ ನೆನಪಿರಲಿಲ್ಲ. ನೆನಪು ಹೋಗಿದ್ದಲ್ಲ, ಎಂದೂ ತಿಳಿದುಕೊಂಡಿರಲೇ ಇಲ್ಲ.

‘ಮುನಿಯಮ್ಮ’ ಎಂದಳು. ‘ಕಾಲೇಜು ಬಿಟ್ಟ ಮೇಲೆ ಐದು ತಿಂಗಳು ಬೊಮ್ಮನಹಳ್ಳಿಗೆ ಹೋಗಿ ಡ್ರೆಸಿಂಗ್ ಮಾಡಿದೀನಿ. ತೊಡೆ ಕೂಡ್ಕೊಂತು, ಹಿಮ್ಮಡಿ ಕೂಡ್ಲಿಲ್ಲ. ಮಿಷಿನ್ ತುಳಿಯೋಕೆ ಆಗ್ಲಿಲ್ಲ ಆಕೆಗೆ, ಕೆಲಸದಿಂದ ತೆಗೆದ್ರು. ನೀನು ಒಂದು ದಿನ ಆದ್ರೂ ಕೇಳ್ದ್ಯಾ, ಏನಾದ್ಲು ಅಂತ?’

ಕೇಳಿರಲಿಲ್ಲ. ಇಷ್ಟು ವರ್ಷ ನಾನು ನನ್ನ ತಂಗಿಗೆ ಮಾಡಿದ ದ್ರೋಹವನ್ನೇ ನೆನೆದು ಕೊರಗಿದ್ದೆ. ಆ ಕೊರಗಿನಲ್ಲೂ ನಮ್ಮಿಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ಜಾಗ ಇರಲಿಲ್ಲ.

‘ಹೋಗಿ ಹೇಳು’ ಎಂದಳು ಮಂಜುಳ. ‘ನನ್ನ ಹೆಸರು ಹಿಡಿದು ಅಳಬೇಡ. ಮುನಿಯಮ್ಮನ ಕಾಲಿನ ಕಥೆ ಹೇಳು. ನೀನು ಮುಟ್ಟಿದ್ದೆ ಅಂತ ಹೇಳು. ಅಳು ಬಂದ್ರೆ ಹೊರಗೆ ಬಂದು ಅಳು.’

ನೀನೂ ಬಾ ಎಂದೆ. ಜಯನಗರದಲ್ಲಿ ತಾನು ನೋಡಿಕೊಳ್ಳುವ ತಾತನ ಮನೆಯಲ್ಲಿ ರಜ ಕೊಡುವುದಿಲ್ಲ ಎಂದು ಚೀಲ ಹೆಗಲಿಗೆ ಹಾಕಿಕೊಂಡಳು. ಬಸ್ ಸ್ಟಾಪಿನವರೆಗೂ ಜೊತೆಗೆ ಹೋದೆ.

ಮಾತಾಡುವ ದಿನ ಲ್ಯಾಬಿನಲ್ಲಿ ಅರವತ್ತು ಹುಡುಗಿಯರು, ಏಳೆಂಟು ಹುಡುಗರು, ಹೊಸದಾಗಿ ಸೇರಿದ ಇಬ್ಬರು ಸಹಾಯಕಿಯರು ಇದ್ದರು. ಶ್ವೇತಾ ಮೇಡಮ್ಮಿಗೂ ವಿಷಯ ಮೊದಲೇ ತಿಳಿಸಿರಲಿಲ್ಲ. ತಿಳಿಸಿದರೆ ಬೇಡ ಎನ್ನುತ್ತಾರೋ ಎಂಬ ಭಯ. ಹುಬ್ಬಿನ ಕಥೆಗೆ ಎಲ್ಲರೂ ನಕ್ಕರು. ಅಲ್ಲಿಗೇ ನಿಲ್ಲಿಸಿ ಇಳಿದುಬಿಡಲೇ ಎನ್ನಿಸಿತು. ಆಮೇಲೆ ನಮ್ಮ ಕೇರಿ ಹೇಳಿದೆ, ಕಾಫಿ ಹೇಳಿದೆ, ಮುನಿಯಮ್ಮನ ಹೆಸರು ಹೇಳಿದೆ, ಎಡ ಹಿಮ್ಮಡಿ ಬಿಸಿ ಇತ್ತು, ನಾನು ಮುಟ್ಟಿದ್ದೆ, ಪ್ರಿನ್ಸಿಪಾಲರ ಮುಂದೆ ಇಲ್ಲ ಎಂದೆ ಎಂದು ಹೇಳಿದೆ. ಶ್ವೇತಾ ಮೇಡಂ ತಲೆ ತಗ್ಗಿಸಿ ಕೂತಿದ್ದರು.

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದಳು. ‘ಆಂಟಿ, ಇವತ್ತು ಅದೇ ಥರ ಆದ್ರೆ ನೀವು ಸತ್ಯ ಹೇಳ್ತಿದ್ರಾ?’

ಹೇಳುತ್ತಿದ್ದೆ ಎನ್ನಲು ಬಾಯಿ ತೆರೆದೆ. ಹೊಸ ಸಹಾಯಕಿಯರಿಬ್ಬರೂ ನನ್ನನ್ನೇ ನೋಡುತ್ತಿದ್ದರು. ಅವರಲ್ಲಿ ಒಬ್ಬಳ ಕೆಲಸ ಇನ್ನೂ ಕಾಯಂ ಆಗಿಲ್ಲ.

‘ಗೊತ್ತಿಲ್ಲ ಮಗು’ ಎಂದೆ. ‘ಈಗ ನನ್ನಿಂದ ಯಾರೂ ಏನೂ ಕಿತ್ಕೊಳ್ಳೋಕಾಗಲ್ಲ, ಅದಕ್ಕೆ ಹೇಳ್ತಿದೀನಿ. ನಿಮ್ಮನ್ನ ಕೇಳೋದು ಕೆಲಸ ಇರುವಾಗಲೇ. ಅವತ್ತು ಹೆದರಿಕೆ ಆಗೇ ಆಗುತ್ತೆ.’

ಹುಡುಗಿ ಕೂತಳು. ಚಪ್ಪಾಳೆ ಯಾರೂ ಹೊಡೆಯಲಿಲ್ಲ. ಮಂಜುಳನಿಗೆ ಕೊಟ್ಟ ಆ ಕಾಗದವನ್ನು ತಪ್ಪೆಂದು ಬರೆದುಕೊಡಲು ಸಾಧ್ಯವೇ ಎಂದು ಶ್ವೇತಾ ಮೇಡಮ್ಮನ್ನು ಕೇಳಿದೆ. ಹಳೇ ಫೈಲು ಇದೆಯೋ ಇಲ್ಲವೋ ನೋಡಬೇಕು, ಆಡಳಿತದವರನ್ನು ಕೇಳಬೇಕು ಎಂದರು. ಇನ್ನೂ ಉತ್ತರ ಬಂದಿಲ್ಲ.

ಹೊರಗೆ ಬಂದು ಕಾಂಪೌಂಡಿನ ಪಕ್ಕ ನಿಂತು ಮಂಜುಳನಿಗೆ ಫೋನ್ ಮಾಡಿದೆ.

‘ಹೇಳ್ದ್ಯಾ?’ ಎಂದಳು.

‘ಹೇಳಿದೆ.’

‘ಮುಟ್ಟಿದ್ದೆ ಅಂತಾನೂ?’

‘ಅದನ್ನೂ ಹೇಳಿದೆ.’

ಆ ಕಡೆ ತಾತ ಕೆಮ್ಮಿದ್ದು ಕೇಳಿಸಿತು.

‘ತಾತನ್ನ ಮಗ್ಗಲು ತಿರುಗಿಸೋ ಹೊತ್ತಾಯ್ತು ಅಕ್ಕ, ಇಡ್ತೀನಿ’ ಎಂದಳು. ಫೋನು ಇಟ್ಟಳು.